ಒಂದೇ ಕೀಲಿ, ಅಕ್ಷರವೂ ಆಜ್ಞೆಯೂ

ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುವವರಿಗೆ ಹೊಸದಾಗಿ ಬರೆಯುವ ಕೆಲಸ ಕಡಿಮೆ, ತಿದ್ದುವ ಕೆಲಸ ಜಾಸ್ತಿ. ಆಳಂದದ ಕಚೇರಿಯ ಗುಮಾಸ್ತರು ಹೋದ ತಿಂಗಳ ನೋಟಿಸನ್ನೇ ತೆರೆದು ಹೆಸರು, ಸರ್ವೆ ನಂಬರು, ತಾರೀಖು ಬದಲಿಸುತ್ತಾರೆ. ಅಫಜಲಪುರದ ಡಿಟಿಪಿ ಅಂಗಡಿಯಲ್ಲಿ ಹಳೆಯ ಲಗ್ನಪತ್ರಿಕೆಯೊಂದರ ಮೇಲೆಯೇ ಇಡೀ ಸೀಸನ್ನಿನ ಪತ್ರಿಕೆಗಳು ಹೊರಡುತ್ತವೆ. ಜೇವರ್ಗಿಯ ವಕೀಲರ ಟೈಪಿಸ್ಟು ವಾದಿ–ಪ್ರತಿವಾದಿಗಳನ್ನು ಅದಲುಬದಲು ಮಾಡಿ ಹೊಸ ಅರ್ಜಿ ತಯಾರಿಸುತ್ತಾನೆ. ಈ ಕೆಲಸಕ್ಕೆ ಕೀಲಿಮಣೆಯಿಂದ ಎರಡು ಬೇರೆ ಬೇರೆ ಸೇವೆ ಬೇಕು. ಒಂದು, ಅಕ್ಷರ ಮೂಡಿಸುವುದು. ಇನ್ನೊಂದು, ‘ಈ ಸಾಲು ಅಳಿಸು’, ‘ಆ ಪದ ಅಲ್ಲಿಗೆ ಒಯ್ಯಿ’ ಎಂದು ಆಜ್ಞೆ ಕೊಡುವುದು. ಕೀಲಿಗಳು ಮಾತ್ರ ಅವೇ.

ಒಂದೇ ಕೀಲಿಯಿಂದ ಎರಡು ಕೆಲಸ ಮಾಡಿಸಬೇಕೆಂದರೆ ದಾರಿ ಮೂರು. ಶಿಫ್ಟ್, ಕಂಟ್ರೋಲ್, ಆಲ್ಟ್‌ನಂಥ ಕೀಲಿಯನ್ನು ಹಿಡಿದುಕೊಂಡು ಇನ್ನೊಂದನ್ನು ಒತ್ತುವುದು. ಒಮ್ಮೆ ಗುಂಡಿ ಒತ್ತಿ ಇಡೀ ಕೀಲಿಮಣೆಯ ಸ್ಥಿತಿಯನ್ನೇ ಬದಲಿಸುವುದು. ಅಥವಾ ಒಂದರ ಹಿಂದೊಂದು ಕೀಲಿ ಒತ್ತಿ, ಆ ಸರಣಿಗೆ ಹೊಸ ಅರ್ಥ ಕೊಡುವುದು. ಇಂಗ್ಲಿಷಿನವರು ಈ ಜಗಳವನ್ನು ಐವತ್ತು ವರ್ಷಗಳಿಂದ ಆಜ್ಞೆಗಳ ವಿಷಯಕ್ಕಷ್ಟೇ ಆಡಿದ್ದಾರೆ. ಅವರ ಅಕ್ಷರಗಳು ಇಪ್ಪತ್ತಾರು ಕೀಲಿಗಳಲ್ಲಿ ಸುಖವಾಗಿ ಕೂತುಬಿಡುತ್ತವೆ. ಕನ್ನಡಕ್ಕೆ ಆ ಭಾಗ್ಯವಿಲ್ಲ. ಅಕ್ಷರ ಮೂಡಿಸುವಷ್ಟರಲ್ಲೇ ನಾವು ಮೂರೂ ದಾರಿಗಳನ್ನು ಖರ್ಚು ಮಾಡಿಕೊಂಡಿರುತ್ತೇವೆ. ಆದ್ದರಿಂದ ಆಜ್ಞೆಯ ಜಗಳ ಕನ್ನಡಕ್ಕೆ ಬಂದಾಗ ಅದರ ಲೆಕ್ಕಾಚಾರವೇ ಬೇರೆಯಾಗುತ್ತದೆ. ಈ ಎರಡು ಚರ್ಚೆಗಳನ್ನು ನಮ್ಮಲ್ಲಿ ಒಟ್ಟಿಗೆ ಇಟ್ಟು ನೋಡಿದ್ದು ಕಡಿಮೆ.

ಟೈಪ್‌ರೈಟರ್ ಬಿಟ್ಟುಹೋದದ್ದು

ಕಲಬುರಗಿ ಸೀಮೆಯ ಕಚೇರಿಗಳಿಗೆ ಕನ್ನಡ ಟೈಪಿಂಗ್ ತಡವಾಗಿ ಬಂತು. 1948ರವರೆಗೆ ಇದು ನಿಜಾಮರ ರಾಜ್ಯ. ದಫ್ತರದ ಭಾಷೆ ಉರ್ದು. 1956ರ ಏಕೀಕರಣ, ಆಮೇಲೆ 1963ರ ರಾಜಭಾಷಾ ಅಧಿನಿಯಮ ಬಂದ ಮೇಲಷ್ಟೇ ತಾಲೂಕು ಕಚೇರಿಗಳಲ್ಲಿ ಕನ್ನಡದ ಯಂತ್ರಗಳಿಗೆ ಜಾಗ ಸಿಕ್ಕಿದ್ದು. ಅವುಗಳ ಕೀಲಿಮಣೆ ರೂಪಿಸಿದವರು ಕೆ. ಅನಂತಸುಬ್ಬರಾವ್. ಆ ಯಂತ್ರಕ್ಕೆ ಗೊತ್ತಿದ್ದದ್ದು ಅಕ್ಷರವಲ್ಲ, ಅಕ್ಷರದ ತುಂಡುಗಳು. ಒಂದೊಂದು ಕೀಲಿಯ ಕಡ್ಡಿಯ ತುದಿಯಲ್ಲಿ ಎರಡೆರಡು ಅಚ್ಚು, ಶಿಫ್ಟ್ ಒತ್ತಿದರೆ ಮೇಲಿನದು. ಕೆಲವು ಕೀಲಿಗಳು ಕಾಗದದ ಮೇಲೆ ಗುರುತು ಮೂಡಿಸಿದರೂ ಗಾಡಿ ಮುಂದೆ ಸರಿಯುತ್ತಿರಲಿಲ್ಲ. ಒತ್ತಕ್ಷರ ಹೀಗೆ ತನ್ನ ಒಡೆಯನ ಕೆಳಗೆ ಬಂದು ಕೂರುತ್ತಿತ್ತು. ಕಣ್ಣಿಗೆ ಹೇಗೆ ಕಾಣುತ್ತದೋ ಆ ಕ್ರಮದಲ್ಲಿ ಬೆರಳು ಹೋಗಬೇಕು. ‘ಜೇವರ್ಗಿ’ಯಲ್ಲಿ ಅರ್ಕಾವತ್ತನ್ನು ಗಿ ಆದ ಮೇಲೆ ಹೊಡೆಯಬೇಕಿತ್ತು.

ಆಜ್ಞೆಗಳ ಮಾತು ಅಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಬ್ಯಾಕ್‌ಸ್ಪೇಸ್ ಹಿಂದೆ ಸರಿಯುತ್ತಿತ್ತು, ಅಳಿಸುತ್ತಿರಲಿಲ್ಲ. ಅಳಿಸುವುದಕ್ಕೆ ರಬ್ಬರು, ಆಮೇಲೆ ಬಿಳಿ ಬಣ್ಣ. ಹಾಗಾಗಿ ಬೆರಳಚ್ಚು ಪರೀಕ್ಷೆ ಅಳೆದದ್ದು ಒಂದೇ ಒಂದು: ತಪ್ಪಿಲ್ಲದೆ ಎಷ್ಟು ಬೇಗ ಹೊಸದಾಗಿ ಹೊಡೆಯುತ್ತೀರಿ. ಯಂತ್ರ ಹೋದ ಮೇಲೂ ಆ ಅಳತೆ ಹೋಗಿಲ್ಲ.

ಅಕ್ಷರದ ಕಡೆಯ ಮೂರು ಪಂಥ

ಮೊದಲನೆಯದು ಕೆ.ಪಿ. ರಾವ್ ಅವರ ದಾರಿ. ಮುದ್ರಣ ಮತ್ತು ಅಕ್ಷರವಿನ್ಯಾಸದ ಒಳಹೊರಗು ಬಲ್ಲ ಕಿನ್ನಿಕಂಬಳ ಪದ್ಮನಾಭ ರಾವ್ ಒಂದು ಸರಳ ಉಪಾಯ ಕಂಡರು. ಇಂಗ್ಲಿಷ್ ಕೀಲಿಗಳ ಇಪ್ಪತ್ತಾರು ಅಕ್ಷರಕ್ಕೆ ಉಚ್ಚಾರ ಹೋಲುವ ಕನ್ನಡ ಅಕ್ಷರ. ಶಿಫ್ಟ್ ಹಿಡಿದರೆ ಅದರ ಮಹಾಪ್ರಾಣ ಅಥವಾ ದೀರ್ಘ. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಕೀಲಿ. ಸ್ವರದ ಕೀಲಿ ಒಂದೇ. ಪದದ ಮೊದಲಿಗೆ ಒತ್ತಿದರೆ ಸ್ವರ, ವ್ಯಂಜನದ ನಂತರ ಒತ್ತಿದರೆ ಕಾಗುಣಿತ. ಹಿಂದೆ ಏನಿದೆ ಎಂದು ನೋಡಿ ತೀರ್ಮಾನಿಸುವ ಬುದ್ಧಿ ತಂತ್ರಾಂಶದ್ದು. ರಾಜ್ಯ ಸರ್ಕಾರ ಒಪ್ಪಿಕೊಂಡ ಕಗಪ ವಿನ್ಯಾಸಕ್ಕೂ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೂ ತಳಹದಿ ಇದೇ. ಇಂಗ್ಲಿಷ್ ಕೀಲಿಮಣೆ ಪರಿಚಯವಿದ್ದವರು ಅದನ್ನು ಒಂದು ಮಧ್ಯಾಹ್ನದಲ್ಲಿ ಕಲಿತುಬಿಡುತ್ತಾರೆ. ಅದರ ಬಲ ಅಲ್ಲಿದೆ.

ಎರಡನೆಯದು ಇನ್‌ಸ್ಕ್ರಿಪ್ಟ್. 1986ರಲ್ಲಿ ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆ ಭಾರತದ ಬ್ರಾಹ್ಮೀ ಮೂಲದ ಲಿಪಿಗಳಿಗೆಲ್ಲ ಒಂದೇ ವಿನ್ಯಾಸವೆಂದು ಇದನ್ನು ಹೊರತಂದಿತು. 1991ರ ಇಸ್ಕಿ ಅಕ್ಷರಸಂಕೇತ ಶಿಷ್ಟತೆಯ ಜೊತೆಗೂ ಬಂತು. ಎಡಗೈಗೆ ಸ್ವರ, ಬಲಗೈಗೆ ಬಹುತೇಕ ವ್ಯಂಜನ. ಕಾಗುಣಿತದ ಚಿಹ್ನೆ ಶಿಫ್ಟ್ ಇಲ್ಲದೆ, ಬಿಡಿ ಸ್ವರ ಶಿಫ್ಟ್ ಹಿಡಿದು. ಇಂಗ್ಲಿಷ್ ಅಕ್ಷರಗಳಿಗೂ ಇದಕ್ಕೂ ಸಂಬಂಧವಿಲ್ಲ. ಕಲಿಯಲು ವಾರಗಟ್ಟಲೆ ಕೂರಬೇಕು.

ಮೂರನೆಯದು ಲಿಪ್ಯಂತರ. ಶೇಷಾದ್ರಿ ವಾಸು ಅವರ ಬರಹ 1998ರಲ್ಲಿ ಬಂದಾಗ ಹೊರದೇಶದ ಕನ್ನಡಿಗರಿಂದ ಹಿಡಿದು ತಾಲೂಕಿನ ಪತ್ರಕರ್ತರವರೆಗೆ ಎಷ್ಟೋ ಜನ ಅದರಲ್ಲೇ ಕೈ ಪಳಗಿಸಿಕೊಂಡರು. ಇಂಗ್ಲಿಷಿನಲ್ಲಿ ಹೆಸರು ಬರೆದಂತೆ ಬರೆದರೆ ಕನ್ನಡ ಮೂಡುತ್ತದೆ. ಎರಡು ವ್ಯಂಜನ ಪಕ್ಕಪಕ್ಕ ಬಂದರೆ ಒತ್ತು ತಾನಾಗಿ ಆಗುತ್ತದೆ. ‘ಅ’ಕಾರವನ್ನೂ ಪ್ರತಿ ಸಲ ಹೊಡೆಯಬೇಕಾದ್ದರಿಂದ ಬೆರಳಿಗೆ ಕೆಲಸ ಹೆಚ್ಚು. ದೊಡ್ಡಕ್ಷರ ಚಿಕ್ಕಕ್ಷರದ ನಿಯಮ ತಪ್ಪಿದರೆ ಟ ಹೋಗಿ ತ ಬರುತ್ತದೆ.

ಮೂರರಲ್ಲಿ ಯಾವುದು ಮೇಲು ಎಂಬ ವಾದ ಕೇಳಿದಷ್ಟು ಹಿಡಿದು ಅಳೆದದ್ದು ಕೇಳಿಲ್ಲ. ಈ ಮೂರು ಊರ ಹೆಸರುಗಳನ್ನೇ ತೆಗೆದುಕೊಳ್ಳಿ. ಕಗಪದಲ್ಲಿ ‘ಆಳಂದ’ಕ್ಕೆ ನಾಲ್ಕು ಒತ್ತು, ಅದರಲ್ಲಿ ಮೂರಕ್ಕೆ, ಅಂದರೆ ಆ, ಳ, ಸೊನ್ನೆಗೆ, ಶಿಫ್ಟ್ ಬೇಕು. ‘ಅಫಜಲಪುರ’ಕ್ಕೆ ಏಳು ಒತ್ತು, ಫಕ್ಕೆ ಮಾತ್ರ ಶಿಫ್ಟ್. ‘ಜೇವರ್ಗಿ’ಗೆ ಏಳು, ಏತ್ವದ ದೀರ್ಘಕ್ಕೆ ಶಿಫ್ಟ್. ಒಟ್ಟು ಹದಿನೆಂಟು ಒತ್ತಿಗೆ ಐದು ಶಿಫ್ಟ್. ಇನ್‌ಸ್ಕ್ರಿಪ್ಟಿನಲ್ಲೂ ಹದಿನೆಂಟೇ ಒತ್ತು, ಶಿಫ್ಟ್ ನಾಲ್ಕು. ಇದರಲ್ಲೇನು ದೊಡ್ಡ ವ್ಯತ್ಯಾಸ ಅನ್ನಿಸುತ್ತದೆ. ಹೆಸರು ಬಿಟ್ಟು ವಾಕ್ಯಕ್ಕೆ ಬನ್ನಿ. ‘ಮಾಡಿದ್ದಾರೆ’ ಎಂಬ ಕ್ರಿಯಾಪದಕ್ಕೆ ಎರಡೂ ಕಡೆ ಹತ್ತು ಒತ್ತು; ಕಗಪದಲ್ಲಿ ಎರಡು ಶಿಫ್ಟ್, ಇನ್‌ಸ್ಕ್ರಿಪ್ಟಿನಲ್ಲಿ ಒಂದೂ ಇಲ್ಲ. ಬಿಡಿ ಸ್ವರ ಬರುವುದು ಸಾಮಾನ್ಯವಾಗಿ ಪದದ ತಲೆಯಲ್ಲಿ ಒಮ್ಮೆ. ದೀರ್ಘ ಕಾಗುಣಿತವೂ ಅನುಸ್ವಾರವೂ ಸಾಲಿಗೆ ಹತ್ತಾರು ಬರುತ್ತವೆ. ಇನ್‌ಸ್ಕ್ರಿಪ್ಟ್ ಮಾಡಿದವರು ಈ ಸಂಗತಿ ನೋಡಿ ಶಿಫ್ಟನ್ನು ಅಪರೂಪದವುಗಳ ಮೇಲೆ ಹೊರಿಸಿದರು. ಕೆ.ಪಿ. ರಾವ್ ನೆನಪಿನ ಭಾರ ಇಳಿಸಿದರು, ಕಿರುಬೆರಳಿನ ಭಾರ ಇರಲಿ ಎಂದರು. ಮಾತುಮಾತಿಗೆ ‘ರೀ’ ಹಚ್ಚುವ ನಮ್ಮ ಕಡೆಯವರ ಮಾತನ್ನು ಕಗಪದಲ್ಲಿ ಹಾಗ್ಹಾಗೇ ಟೈಪು ಮಾಡಲು ಕೂತರೆ ಆ ಕಿರುಬೆರಳಿನ ಕಥೆ ಗೊತ್ತಾಗುತ್ತದೆ.

ಗಡಿ ತಾಲೂಕಿಗೆ ಇನ್ನೊಂದು ಲೆಕ್ಕವಿದೆ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಬರುವವರಲ್ಲಿ ಮಹಾರಾಷ್ಟ್ರದವರು ಬಹಳ; ಬ್ಯಾನರು, ರಸೀತಿ, ಲಾಡ್ಜಿನ ಫಲಕ ಕನ್ನಡದಲ್ಲೂ ಬೇಕು, ಮರಾಠಿಯಲ್ಲೂ ಬೇಕು. ಇನ್‌ಸ್ಕ್ರಿಪ್ಟ್ ಕಲಿತವನಿಗೆ ಎರಡೂ ಲಿಪಿಯಲ್ಲಿ ‘ಗಾಣಗಾಪುರ’ದ ಬೆರಳು ಅವೇ, ಮರಾಠಿಯವರು ಪೂ ಎಂದು ದೀರ್ಘ ಬರೆಯುವುದರಿಂದ ಒಂದು ಕೀಲಿ ಮಾತ್ರ ಬೇರೆ. ಲಿಪಿ ಬದಲಿಸಿದರೆ ಸಾಕು, ಕೈಗೆ ಹೊಸದೇನೂ ಇಲ್ಲ. ಬೆಂಗಳೂರಿನಲ್ಲಿ ಕೂತು ಕಗಪವೋ ಇನ್‌ಸ್ಕ್ರಿಪ್ಟೋ ಎಂದು ಚರ್ಚಿಸುವವರಿಗೆ ಈ ಅನುಕೂಲ ಅಷ್ಟಾಗಿ ಕಾಣುವುದಿಲ್ಲ. ಆದರೆ ಕಗಪದವರಿಗೂ ಉತ್ತರವಿದೆ. ಲಿನಕ್ಸಿನ ಕೀಲಿಮಣೆ ಕಟ್ಟಿನಲ್ಲಿ ಈಗ ಕಗಪದ ಹೆಸರಿನಲ್ಲೇ ಮರಾಠಿ, ಹಿಂದಿ, ಸಂಸ್ಕೃತ, ತೆಲುಗಿಗೂ ವಿನ್ಯಾಸಗಳಿವೆ. ಕನ್ನಡದ ಮೂರಕ್ಷರದ ಹೆಸರೊಂದು ಮರಾಠಿ ವಿನ್ಯಾಸಕ್ಕೆ ಅಂಟಿಕೊಂಡದ್ದು ಸಣ್ಣ ಸಂಗತಿಯೇನಲ್ಲ. ಉರ್ದುವಿನ ಕಥೆ ಬೇರೆ; ಬಲದಿಂದ ಎಡಕ್ಕೆ ಹೋಗುವ ಆ ಲಿಪಿಗೆ ಈ ಯಾವ ಏಕತೆಯೂ ಒದಗುವುದಿಲ್ಲ.

ಆಜ್ಞೆಯ ಕಡೆಯ ಜಗಳ

1976ರಲ್ಲಿ ಅಮೆರಿಕದ ಎರಡು ತುದಿಗಳಲ್ಲಿ ಎರಡು ಪಠ್ಯ ಸಂಪಾದಕಗಳು ಹುಟ್ಟಿದವು. ಬರ್ಕಲಿಯಲ್ಲಿ ಬಿಲ್ ಜಾಯ್ ಬರೆದ ವಿಐ; ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್ಮನ್, ಗೈ ಸ್ಟೀಲ್ ಮೊದಲಾದವರ ಈಮ್ಯಾಕ್ಸ್. ಮೌಸ್ ಇನ್ನೂ ಪ್ರಯೋಗಶಾಲೆ ಬಿಟ್ಟು ಹೊರಬಂದಿರದ ಕಾಲ.

ವಿಐ ಸ್ಥಿತಿ ಬದಲಿಸುವ ಪಂಥದ್ದು. ಮಾಮೂಲಿ ಸ್ಥಿತಿಯಲ್ಲಿ ಪ್ರತಿ ಅಕ್ಷರವೂ ಆಜ್ಞೆ. ಐ ಒತ್ತಿದ ಮೇಲಷ್ಟೇ ಅಕ್ಷರ ಅಕ್ಷರವಾಗಿ ಮೂಡುತ್ತದೆ. ಎಸ್ಕೇಪ್ ಒತ್ತಿದರೆ ಮತ್ತೆ ಆಜ್ಞೆ. ಡಿ ಎಂದರೆ ಅಳಿಸು, ಡಬ್ಲ್ಯೂ ಎಂದರೆ ಮುಂದಿನ ಪದದವರೆಗೆ. ಎರಡನ್ನೂ ಸಾಲಾಗಿ ಒತ್ತಿದರೆ ಪದ ಹೋಯಿತು, ಮುಂದೆ ಮೂರು ಸೇರಿಸಿದರೆ ಮೂರು ಪದ ಹೋದವು. ಇದರ ಮುಂದಿನ ಪೀಳಿಗೆಯ ವಿಮ್‌ನಲ್ಲಿ ಕೊಲನ್ ಒತ್ತಿ ಬರೆಯುವ ಆಜ್ಞೆಗಳ ಮುಂದೆ ‘ಸೈಲೆಂಟ್’ ಎಂದು ಹಚ್ಚಿದರೆ ಸದ್ದಿಲ್ಲದೆ ಕೆಲಸ, ‘ವರ್ಟಿಕಲ್’ ಎಂದರೆ ಕಿಟಕಿ ಪಕ್ಕದಲ್ಲಿ ಸೀಳಿ ತೆರೆಯುವುದು. ಅಂದರೆ ಆಜ್ಞೆಗೂ ವ್ಯಾಕರಣ ಇದೆ, ಕ್ರಿಯಾವಿಶೇಷಣವೂ ಇದೆ. ಬಿಲ್ ಜಾಯ್ ಬಳಸಿದ ಎಡಿಎಂ–3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಇದ್ದವು. ಎಸ್ಕೇಪ್ ಇದ್ದದ್ದು ಇಂದಿನ ಟ್ಯಾಬ್ ಜಾಗದಲ್ಲಿ. ಇಂದು ಜನ ವಿಚಿತ್ರ ಎನ್ನುವ ಎಷ್ಟೋ ಕೀಲಿಗಳಿಗೆ ಆ ಯಂತ್ರವೇ ಕಾರಣ. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ವಿಮ್ ಈ ಸಂಪ್ರದಾಯವನ್ನು ಇಂದಿನವರೆಗೆ ತಂದಿದೆ.

ಈಮ್ಯಾಕ್ಸ್ ಹಿಡಿದು ಒತ್ತುವ ಪಂಥದ್ದು. ಅಕ್ಷರ ಯಾವಾಗಲೂ ಅಕ್ಷರವೇ. ಆಜ್ಞೆ ಬೇಕಾದರೆ ಕಂಟ್ರೋಲ್ ಅಥವಾ ಮೆಟಾ ಹಿಡಿಯಿರಿ. ಆ ಕಾಲದ ಎಂಐಟಿಯ ಸ್ಪೇಸ್ ಕೆಡೆಟ್ ಕೀಲಿಮಣೆಯಲ್ಲಿ ಸೂಪರ್, ಹೈಪರ್ ಎಂಬ ಹಿಡಿಗೀಲಿಗಳೂ ಇದ್ದವು. ಕಿರುಬೆರಳಿನ ನೋವಿಗೆ ಈಮ್ಯಾಕ್ಸಿನ ಹೆಸರೇ ಬಿದ್ದದ್ದು ಇದರ ಫಲ.

ಹಿಡಿದು ಒತ್ತುವ ಈ ಪಂಥಕ್ಕೆ ಸಿದ್ಧಾಂತದ ಬಲ ಕೊಟ್ಟವನು ಜೆರಾಕ್ಸ್ ಪಾರ್ಕಿನ ಲ್ಯಾರಿ ಟೆಸ್ಲರ್. ಸ್ಥಿತಿಗಳೇ ಬೇಡ ಎಂಬುದನ್ನು ಕಾರಿನ ನಂಬರ್ ಪ್ಲೇಟಿನ ಮೇಲೂ ಬರೆಸಿಕೊಂಡಿದ್ದ ಆಸಾಮಿ. ಯಾವ ಸ್ಥಿತಿಯಲ್ಲಿದ್ದೇನೆ ಎಂದು ಮರೆತವನು ಅಕ್ಷರ ಹೊಡೆಯಲು ಹೋಗಿ ಕಡತ ಅಳಿಸಿಕೊಳ್ಳುತ್ತಾನೆ ಎಂಬುದು ಅವನ ವಾದ. ಜೆಫ್ ರಾಸ್ಕಿನ್ 2000ದ ತನ್ನ ಪುಸ್ತಕದಲ್ಲಿ ಇದನ್ನು ನಯಗೊಳಿಸಿದ: ಬೆರಳು ಹಿಡಿದಿರುವವರೆಗೆ ಮಾತ್ರ ಉಳಿಯುವ ಸ್ಥಿತಿಯನ್ನು ಮರೆಯಲಾಗದು, ಏಕೆಂದರೆ ಸ್ನಾಯುವೇ ನೆನಪು ಇಟ್ಟಿರುತ್ತದೆ. 1983ರ ಆಪಲ್ ಲೀಸಾದಲ್ಲಿ ಕತ್ತರಿಸು–ನಕಲಿಸು–ಅಂಟಿಸುಗೆ ಆಪಲ್ ಕೀಲಿಯ ಜೊತೆ ಎಕ್ಸ್, ಸಿ, ವಿ ಎಂದು ಗೊತ್ತಾದ ಮೇಲೆ ಜಗತ್ತಿನ ಬಹುಪಾಲು ಜನರ ಮಟ್ಟಿಗೆ ತೀರ್ಪು ಬಂದಂತೆಯೇ ಆಯಿತು. ನಮ್ಮ ಡಿಟಿಪಿ ಅಂಗಡಿಯ ಪೇಜ್‌ಮೇಕರ್‌ಗೂ ಬಂದದ್ದು ಅದೇ.

ಮೂರನೆಯ ಪಂಥ ಇತ್ತೀಚಿನದು. ಮ್ಯಾಕ್ಸಿಮ್ ಕೋಸ್ಟ್ ಅವರ ಕಾಕೂನ್, ಅದರ ಹಾದಿಯ ಹೀಲಿಕ್ಸ್ ಸಂಪಾದಕಗಳಲ್ಲಿ ಸ್ಥಿತಿಗಳು ಇವೆ, ಆದರೆ ಕ್ರಮ ತಿರುಗುಮುರುಗು: ಮೊದಲು ಪದ ಹಿಡಿ, ಅದು ಪರದೆಯ ಮೇಲೆ ಬಣ್ಣದಲ್ಲಿ ಕಾಣಲಿ, ಆಮೇಲೆ ಅಳಿಸು. ಕರ್ಮ ಮೊದಲು, ಕ್ರಿಯೆ ಕೊನೆಗೆ. ಕನ್ನಡ ವಾಕ್ಯದ ಕ್ರಮವೂ ಇದೇ ಅಲ್ಲವೇ ಎಂದು ಹಿಗ್ಗಬಹುದು. ನಾನು ಅಷ್ಟು ದೂರ ಹೋಗಲಾರೆ. ಇಂಗ್ಲಿಷ್ ಮಾತಾಡುವವರೂ ಮೌಸಿನಿಂದ ಮೊದಲು ಹಿಡಿದು ಆಮೇಲೆ ಅಳಿಸುವುದನ್ನು ಯಾವ ತಕರಾರೂ ಇಲ್ಲದೆ ಮಾಡುತ್ತಾರೆ.

ಎರಡೂ ಒಟ್ಟಿಗೆ ಬಂದಾಗ

ಈಗ ಕನ್ನಡವನ್ನು ಈ ಸಂಪಾದಕಗಳ ಮುಂದೆ ಕೂರಿಸೋಣ. ಕಾರ್ಯಾಚರಣ ವ್ಯವಸ್ಥೆಯಲ್ಲೇ ಕನ್ನಡದ ಕಗಪ ಕೀಲಿಮಣೆ ಹಾಕಿಕೊಂಡು ವಿಮ್ ತೆರೆದವನು ಸಾಲು ಅಳಿಸಲೆಂದು ಡಿ ಕೀಲಿಯನ್ನು ಎರಡು ಸಲ ಒತ್ತುತ್ತಾನೆ. ವಿಮ್‌ಗೆ ತಲುಪುವುದು ‘ದದ’. ಅದಕ್ಕೆ ಅಂಥ ಆಜ್ಞೆ ಗೊತ್ತಿಲ್ಲ. ತಿದ್ದಬೇಕಾದಾಗಲೆಲ್ಲ ಎಸ್ಕೇಪ್ ಒತ್ತಿ, ಇಂಗ್ಲಿಷಿಗೆ ಬಂದು, ಆಜ್ಞೆ ಕೊಟ್ಟು, ಐ ಒತ್ತಿ, ಮತ್ತೆ ಕನ್ನಡಕ್ಕೆ ಹೋಗಬೇಕು. ಭಾಷೆಯ ಸ್ಥಿತಿಯ ಮೇಲೆ ಆಜ್ಞೆಯ ಸ್ಥಿತಿ, ಎರಡಕ್ಕೂ ಪರಸ್ಪರ ಪರಿಚಯವಿಲ್ಲ. ಕ್ಯಾಪ್ಸ್ ಲಾಕ್ ಮರೆತು ಬಿಟ್ಟರಂತೂ ನುಡಿಯಲ್ಲಿ ಕಗಳೆಲ್ಲ ಖ ಆಗುತ್ತವೆ. ವಿಮ್‌ನಲ್ಲಿ ಕೆಳಗಿಳಿಯಲು ಒತ್ತಿದ ಜೆ ಎರಡು ಸಾಲುಗಳನ್ನು ಕೂಡಿಸಿಬಿಡುತ್ತದೆ.

ಹಿಡಿದು ಒತ್ತುವ ಪಂಥ ಇಲ್ಲಿ ಗೆದ್ದಂತೆ ಕಾಣುತ್ತದೆ. ವಿಂಡೋಸಿನಲ್ಲಿ ಕನ್ನಡ ಕೀಲಿಮಣೆ ಇದ್ದರೂ ಕಂಟ್ರೋಲ್ ಹಿಡಿದು ಸಿ ಒತ್ತಿದರೆ ನಕಲಾಗುತ್ತದೆ. ಕೀಲಿಯ ಗುರುತು ಬೇರೆ, ಅದು ಮೂಡಿಸುವ ಅಕ್ಷರ ಬೇರೆ ಎಂದು ಅಲ್ಲಿ ಮೊದಲೇ ವಿಂಗಡಿಸಿದ್ದಾರೆ. ಆದರೆ ಈ ಗೆಲುವು ಹಿಡಿಗೀಲಿಯದ್ದಲ್ಲ, ಆ ವಿಂಗಡಣೆಯದ್ದು. ಲಿನಕ್ಸಿನಲ್ಲಿ ಈಮ್ಯಾಕ್ಸ್ ಬಳಸುವವರಿಗೆ ಇದು ಗೊತ್ತು: ವ್ಯವಸ್ಥೆಯ ಕೀಲಿಮಣೆ ಬೇರೆ ಲಿಪಿಯಲ್ಲಿದ್ದಾಗ ಕಂಟ್ರೋಲಿನ ಜೊತೆ ಆ ಲಿಪಿಯ ಅಕ್ಷರವೇ ತಲುಪಿ, ‘ಇಂಥ ಆಜ್ಞೆ ಇಲ್ಲ’ ಎನ್ನಿಸಿಕೊಳ್ಳುವ ಪಾಡು ರಷ್ಯನ್ನರಿಗೆ ಬಹಳ ಹಳೆಯದು.

ನನ್ನ ಮಟ್ಟಿಗೆ ತೃಪ್ತಿ ಕೊಟ್ಟದ್ದು, ಭಾಷೆ ಬದಲಿಸುವ ಕೆಲಸವನ್ನು ಸಂಪಾದಕದ ಕೈಗೇ ಕೊಡುವ ಪರಿಹಾರ. ಈಮ್ಯಾಕ್ಸಿನ ಒಳಗೇ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಎಂಬ ಎರಡು ಇನ್‌ಪುಟ್ ವಿಧಾನಗಳಿವೆ. ಕಂಟ್ರೋಲ್ ಹಿಡಿದು ಹಿಮ್ಮುಖ ಓರೆಗೆರೆ ಒತ್ತಿದರೆ ಹೋಗುತ್ತದೆ, ಬರುತ್ತದೆ, ಆಜ್ಞೆಗಳಿಗೆ ತೊಂದರೆಯಿಲ್ಲ. ವಿಮ್‌ನಲ್ಲಿ ‘ಕೀಮ್ಯಾಪ್’ ಎಂಬ ಏರ್ಪಾಟಿದೆ. ಅದು ಬರೆಯುವ ಸ್ಥಿತಿಯಲ್ಲಿ ಮಾತ್ರ ಕನ್ನಡ ಮೂಡಿಸುತ್ತದೆ, ಆಜ್ಞೆಯ ಸ್ಥಿತಿಗೆ ಬಂದ ಕೂಡಲೇ ಹಿಂದೆ ಸರಿಯುತ್ತದೆ. ಇಷ್ಟೇ ಆಗಿದ್ದರೆ ವಿಶೇಷವಿಲ್ಲ. ‘ಈ ಸಾಲಿನಲ್ಲಿ ಮುಂದಿನ ಇಂಥ ಅಕ್ಷರಕ್ಕೆ ಹೋಗು’ ಎಂಬ ಎಫ್ ಆಜ್ಞೆ ಕೊಟ್ಟಾಗ ಎಫ್ ಇಂಗ್ಲಿಷಾಗಿ, ಅದರ ನಂತರದ ಅಕ್ಷರ ಕನ್ನಡವಾಗಿ ಓದಲ್ಪಡುತ್ತದೆ. ಆಜ್ಞೆ ಯಾವುದು, ಆಜ್ಞೆಗೆ ಕೊಟ್ಟ ಸರಕು ಯಾವುದು ಎಂಬ ವ್ಯತ್ಯಾಸ ಅದಕ್ಕೆ ತಿಳಿದಿದೆ. ಇನ್ನೊಂದು, ‘ಲ್ಯಾಂಗ್‌ಮ್ಯಾಪ್’: ವ್ಯವಸ್ಥೆಯ ಕೀಲಿಮಣೆ ಕನ್ನಡದಲ್ಲೇ ಇರಲಿ, ಆಜ್ಞೆಯ ಸ್ಥಿತಿಯಲ್ಲಿ ‘ದ’ ಬಂದರೆ ಡಿ ಎಂದು ತಿಳಿ ಎಂದು ಹೇಳಿಕೊಡುವುದು.

ಸ್ಥಿತಿಗಳ ವಿರುದ್ಧ ಟೆಸ್ಲರ್ ಎತ್ತಿದ ಆಕ್ಷೇಪ ನಮ್ಮ ಕಡೆ ಅರ್ಧ ಬಲ ಕಳೆದುಕೊಳ್ಳುವುದು ಇಲ್ಲೇ. ಸ್ಕ್ರಾಲ್ ಲಾಕ್ ಒತ್ತಿ ಕನ್ನಡಕ್ಕೆ, ಮತ್ತೆ ಒತ್ತಿ ಇಂಗ್ಲಿಷಿಗೆ ಹೋಗುವುದನ್ನು ನುಡಿಯಲ್ಲಿ ಕೈ ಪಳಗಿದ ಪ್ರತಿಯೊಬ್ಬರೂ ದಿನಕ್ಕೆ ನೂರಾರು ಸಲ ಮಾಡುತ್ತಾರೆ. ಅದಿಲ್ಲದ ಲ್ಯಾಪ್‌ಟಾಪು ಬಂದಾಗ ಪರದಾಡಿದ್ದೂ ಉಂಟು. ಅವರು ಆಗಲೇ ಸ್ಥಿತಿಗಳ ನಡುವೆ ಬದುಕುವವರು. ಸ್ಥಿತಿ ಇಲ್ಲದ ಸಂಪಾದಕ ಎಂಬುದು ಒಂದೇ ಲಿಪಿಯವರಿಗೆ ಸಿಗುವ ಸೌಲಭ್ಯ.

ಅಳಿಸಿದರೆ ಎಷ್ಟು ಹೋಗಬೇಕು?

‘ಜೇವರ್ಗಿ’ಯ ಕೊನೆಯ ‘ರ್ಗಿ’ ಓದುವವನ ಕಣ್ಣಿಗೆ ಒಂದು ಗುಡ್ಡೆ. ಯೂನಿಕೋಡಿನಲ್ಲಿ ಅದು ನಾಲ್ಕು: ರ, ಹಲಂತ, ಗ, ಗುಡಿಸು. ವಿಮ್ ಚಿಹ್ನೆಗಳನ್ನು ಅವುಗಳ ವ್ಯಂಜನಕ್ಕೆ ಅಂಟಿಸಿಕೊಳ್ಳುವುದರಿಂದ ಅದರ ಲೆಕ್ಕದಲ್ಲಿ ಎರಡು: ‘ರ್’ ಮತ್ತು ‘ಗಿ’. ಗಿ ಮೇಲೆ ಎಕ್ಸ್ ಒತ್ತಿದರೆ ಹಲಂತ ಹೊತ್ತ ರ ಒಂಟಿಯಾಗಿ ಉಳಿಯುತ್ತದೆ. ‘ಡೆಲ್‌ಕಂಬೈನ್’ ಎಂಬ ಆಯ್ಕೆ ಹಾಕಿದರೆ ಗುಡಿಸು ಮಾತ್ರ ಹೋಗಿ ಗ ಉಳಿಯುತ್ತದೆ. ಯಾವುದು ಸರಿ? ‘ಜೇವರ್ಗಿ’ಯನ್ನು ‘ಜೇವರಗಿ’ ಮಾಡಬೇಕಾದವನಿಗೆ ಹಲಂತ ಒಂದೇ ಹೋಗಬೇಕು. ಪೂರ್ತಿ ಪದ ತಪ್ಪಾದವನಿಗೆ ಇಡೀ ಗುಡ್ಡೆ ಹೋಗಬೇಕು. ಆಜ್ಞೆಯ ವ್ಯಾಕರಣದಲ್ಲಿ ಪದ, ವಾಕ್ಯ, ಪ್ಯಾರಾಗಳಿಗೆ ಹೆಸರಿದೆ. ಒತ್ತಕ್ಷರದ ಗುಡ್ಡೆಗೆ ಹೆಸರಿಲ್ಲ.

ಜಾಗತಿಕ ಶಿಷ್ಟತೆಯೂ ಇಲ್ಲಿ ನೆರವಿಗೆ ಬಂದಿಲ್ಲ. ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವೆಂದು ಎಣಿಸುವ ನಿಯಮ 2023ರ ಯೂನಿಕೋಡ್ 15.1ರಲ್ಲಿ ಬಂದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಲಿಪಿಯಲ್ಲಿ ತೆಲುಗು ನಮ್ಮ ಒಡಹುಟ್ಟಿದ್ದು. ಅದಕ್ಕೊಂದು ನ್ಯಾಯ, ಇದಕ್ಕೊಂದು ನ್ಯಾಯ. ಕಣ್ಣಿಗೆ ಕಾಣುವ ವಿಷಯದಲ್ಲಿ ಮಾತ್ರ ಸುಧಾರಣೆ ಆಗಿದೆ. 2020ರ ಈಮ್ಯಾಕ್ಸ್ 27 ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಬಳಸತೊಡಗಿದ್ದರಿಂದ ಅಲ್ಲಿ ಕನ್ನಡ ಚೊಕ್ಕವಾಗಿ ಕಾಣುತ್ತದೆ. ಟರ್ಮಿನಲ್ಲುಗಳಲ್ಲಿ ಇನ್ನೂ ಎಷ್ಟೋ ಕಡೆ ಒತ್ತು ಒಂದು ಕಡೆ, ಒಡೆಯ ಒಂದು ಕಡೆ.

ತೀರದೆ ಉಳಿದವು

ಆಜ್ಞೆಗಳೂ ಕನ್ನಡದಲ್ಲಿ ಇರಬೇಕೇ ಎಂಬುದನ್ನು ಯಾರೂ ಗಟ್ಟಿಯಾಗಿ ಕೇಳಿಲ್ಲ. ಲಿನಕ್ಸಿನ ಗ್ನೋಮ್ ಪರಿಸರವನ್ನು ಕನ್ನಡಕ್ಕೆ ತಂದವರು ಮೆನುವಿನಲ್ಲಿ ‘ಕಡತ’ ಎಂದು ಬರೆದು ಪಕ್ಕದಲ್ಲಿ ಕಂಸದೊಳಗೆ ಎಫ್ ಇಟ್ಟರು, ಆಲ್ಟ್ ಹಿಡಿದು ಒತ್ತಲು ಅನುಕೂಲವಾಗಲೆಂದು. ಹೆಸರು ಕನ್ನಡದ್ದು, ಹಿಡಿ ಇಂಗ್ಲಿಷಿನದು. ಅದು ತಾತ್ಕಾಲಿಕ ಹೊಂದಾಣಿಕೆಯೋ, ಶಾಶ್ವತವೋ ಹೇಳಬರುವಂತಿಲ್ಲ. ಇಂಗ್ಲಿಷ್ ಕೀಲಿಮಣೆ ಬಲ್ಲವರಿಗೆ ಇದೇ ಸುಲಭ; ಇನ್‌ಸ್ಕ್ರಿಪ್ಟನ್ನೇ ಮೊದಲು ಕಲಿತವನಿಗೆ ಎಫ್ ಎಂಬುದು ಗುಡಿಸಿನ ಕೀಲಿ, ಅಷ್ಟೆ.

ಪರೀಕ್ಷೆಯ ಪ್ರಶ್ನೆಯೂ ಹಾಗೇ ಇದೆ. ಸರ್ಕಾರಿ ನೌಕರರಿಗೆ 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯ. ಬೆರಳಚ್ಚು ಪರೀಕ್ಷೆಗಳೂ ನಡೆಯುತ್ತಲೇ ಇವೆ. ತಿದ್ದುವ ಚಾತುರ್ಯವನ್ನು, ಅಂದರೆ ಹಳೆಯ ಕಡತದಲ್ಲಿ ಹತ್ತು ಹೆಸರು ಬದಲಿಸಲು ಎಷ್ಟು ಒತ್ತು ತಗಲುತ್ತದೆ ಎಂಬುದನ್ನು, ಬೆರಳಚ್ಚಿನ ವೇಗದಷ್ಟು ಗಂಭೀರವಾಗಿ ಅಳೆಯುವ ಕ್ರಮ ಬರಬೇಕಾದರೆ ಮೊದಲು ಯಾವ ವಿನ್ಯಾಸ, ಯಾವ ಸಂಪಾದಕ ಎಂಬುದು ಗೊತ್ತಾಗಬೇಕು. ಅದನ್ನು ಗೊತ್ತು ಮಾಡಿದ ಕೂಡಲೇ ಮೂರು ಪಂಥದವರೂ ಎದ್ದು ನಿಲ್ಲುತ್ತಾರೆ.

ಇದರ ನಡುವೆ ಆಳಂದ ತಾಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕನ್ನಡ, ಮರಾಠಿ, ಉರ್ದು ಮೂರನ್ನೂ ಕಿವಿಯ ಮೇಲೆ ಹಾಕಿಕೊಂಡು ಬೆಳೆದ ಹುಡುಗರು ಪ್ರೋಗ್ರಾಮ್ ಬರೆಯಲು ಕಲಿಯುವ ವಯಸ್ಸಿಗೆ ಫೋನಿನಲ್ಲಿ ಹೆಬ್ಬೆರಳಿನಿಂದ ಟೈಪು ಮಾಡಿಯೋ ಮಾತಾಡಿಯೋ ಕನ್ನಡ ಬರೆಯುತ್ತಿರುತ್ತಾರೆ. ಅಲ್ಲಿ ಹಿಡಿದುಕೊಳ್ಳುವ ಕೀಲಿಯೇ ಇಲ್ಲ. ಅವರ ಕೈಗೆ ಮೊದಲ ಸಲ ದೊಡ್ಡ ಕೀಲಿಮಣೆ ಬಂದಾಗ ಶಿಫ್ಟನ್ನು ಮಹಾಪ್ರಾಣಕ್ಕೆ ಕೊಡಬೇಕೋ, ದೀರ್ಘಕ್ಕೋ, ಆಜ್ಞೆಗೋ? ಕಗಪ ಒಂದು ಉತ್ತರ ಕೊಡುತ್ತದೆ, ಇನ್‌ಸ್ಕ್ರಿಪ್ಟ್ ಇನ್ನೊಂದು, ವಿಮ್ ಮತ್ತೊಂದು. ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ಒಂದು ವಿನ್ಯಾಸ ರೂಪಿಸುವ ಕೆಲಸ ಇನ್ನೂ ಬಾಕಿ.